ಏರಿನಲ್ಲಿ ನಿಲ್ಲುವ ಗಾಡಿ

ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇದ್ದೇ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಚೋಕಣ್ಣ. ನೀರೆತ್ತುವ ಪಂಪು ಕೆಟ್ಟಿದೆ ಅಂತ ಬನ್ನಿ, ಜನರೇಟರ್ ಕೆಮ್ಮುತ್ತಿದೆ ಅಂತ ಫೋನ್ ಮಾಡಿ, ಅವನ ಬಾಯಿಂದ ಮೊದಲು ಉದುರುವ ಮುತ್ತು ಒಂದೇ: "ಚೋಕ್ ಎಳೆದು ನೋಡಿದ್ರಾ?" ಹತ್ತರಲ್ಲಿ ಆರು ಸಲ ಅಷ್ಟಕ್ಕೇ ಇಂಜಿನ್ ಎದ್ದು ಕೂರುತ್ತಿತ್ತು. ಮಿಕ್ಕ ನಾಲ್ಕು ಸಲ ಎಣ್ಣೆ ಹಿಡಿದ ಚೀಲ ಹೆಗಲಿಗೇರಿಸಿ ಸೈಕಲ್ ಹತ್ತುತ್ತಿದ್ದ. ಹೋದನೆಂದರೆ ಕೆಲಸ ಮುಗಿಸದೆ ಬಂದವನಲ್ಲ. ಬದುಕಿನಲ್ಲಿ ಒಂದೇ ಒಂದು ಸಲ, ಹೋಗಬೇಕಾದ ಕಡೆ ಹೋಗಲಿಲ್ಲ. ಆ ಸಲ ಕರೆದವನು ಒಡಹುಟ್ಟಿದ ಅಣ್ಣ.

ಅಣ್ಣ ದೊಡ್ಡಾಸ್ಪತ್ರೆಯ ಮೈದಾನ ನೋಡಿಕೊಳ್ಳುತ್ತಿದ್ದ. ಆಸ್ಪತ್ರೆಯ ಮುಂದೆ ಅಗಲವಾದ ಹುಲ್ಲುಹಾಸು, ಮೂಲೆಯ ಶೆಡ್ಡಿನಿಂದ ಶುರುವಾಗಿ ನಿಧಾನಕ್ಕೆ ಏರುತ್ತಾ ಹೋಗಿ ತುದಿಯ ಕಲ್ಲುಬೆಂಚಿನ ಹತ್ತಿರ ನಿಲ್ಲುತ್ತಿತ್ತು. ಅದನ್ನು ಕತ್ತರಿಸಲು ಮೇಲೆ ಕೂತು ಓಡಿಸುವ ಹಳೇ ಗಾಡಿ ಒಂದಿತ್ತು. ನೋಡಿದರೆ ಟ್ರಾಕ್ಟರಿನ ಕಿರಿಯ ತಮ್ಮನ ಹಾಗೆ. ಮುಂದೆ ಇಂಜಿನ್ನು, ಹೊಟ್ಟೆಯಡಿ ಬ್ಲೇಡು, ಸೀಟಿನ ಬೆನ್ನಿಗೇ ಅಂಟಿಕೊಂಡ ಪೆಟ್ರೋಲ್ ಟ್ಯಾಂಕು. ಮಂಗಳವಾರ ಒಂದು ಸಲ, ಶನಿವಾರ ಒಂದು ಸಲ ಅಣ್ಣ ಟ್ಯಾಂಕು ತುಂಬಿಸಿಕೊಂಡು ಹೊರಟನೆಂದರೆ, ವರಾಂಡದಲ್ಲಿ ಕೂತ ರೋಗಿಗಳೆಲ್ಲ ಅವನು ಹಾಕುವ ಸುತ್ತು ಎಣಿಸುತ್ತಾ ಹೊತ್ತು ಕಳೆಯುತ್ತಿದ್ದರು. ಅತ್ತಿಗೆಗೆ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸ. ಗಂಡ ಗಾಡಿಯನ್ನು ಒರೆಸಿ ಒರೆಸಿ ಮುದ್ದು ಮಾಡುವುದನ್ನು ನೋಡಿ ಅವಳು ಅದಕ್ಕೆ "ನನ್ನ ಸವತಿ" ಅಂತಲೇ ಹೆಸರಿಟ್ಟಿದ್ದಳು.

ಚೋಕಣ್ಣ ಮದುವೆ ಆಗಲಿಲ್ಲ. "ಇವನನ್ನ ಕಟ್ಕೊಂಡವಳು ಕಾರ್ಬರೇಟರ್ ತೊಳೀತಾ ಕೂರಬೇಕು, ಪಾಪ ಯಾವಳಿಗೆ ಬೇಕು ಆ ಕರ್ಮ" ಅಂತ ಅತ್ತಿಗೆ ರೇಗಿಸುತ್ತಿದ್ದಳು. ರೇಗಿಸಿಕೊಂಡೇ ಹದಿನಾರು ವರ್ಷದಿಂದ ಮಧ್ಯಾಹ್ನದ ಊಟ ಬಡಿಸುತ್ತಿದ್ದಳು. ಆಸ್ಪತ್ರೆಯ ಹಿಂದೆ ಅಣ್ಣ ಅತ್ತಿಗೆ ಇದ್ದ ಎರಡು ಕೋಣೆ, ಬಾಗಿಲ ಪಕ್ಕ ಅವನಿಗೇ ಅಂತ ಇಟ್ಟ ಮರದ ಸ್ಟೂಲು. ಈ ಜಗತ್ತಿನಲ್ಲಿ ಅವನಿಗೆ ಮನೆ ಅಂತ ಇದ್ದದ್ದು ಅದೊಂದೇ.

ಅಣ್ಣ ಫೋನ್ ಮಾಡಿದ್ದು ಒಂದು ಗುರುವಾರ. ಚೋಕಣ್ಣನ ಅಂಗಡಿಯಲ್ಲಿ ಆವತ್ತು ನಾಲ್ಕು ಪಂಪು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು.

"ಲೋ, ಇದು ಏರಿನಲ್ಲಿ ನಿಂತುಬಿಡತ್ತೆ ಕಣೋ. ಎರಡು ವಾರದಿಂದ ಇದೇ ಗೋಳು. ಒಂಚೂರು ಬಂದು ನೋಡು."

"ಚೋಕ್ ಎಳೆದು ನೋಡು. ಭಾನುವಾರ ಬರ್ತೀನಿ."

ಅಣ್ಣ ನಕ್ಕ. "ಆಯ್ತು ಮಾರಾಯ, ಎಳೀತೀನಿ" ಅಂತ ಫೋನ್ ಇಟ್ಟ.

ಶನಿವಾರ ಬೆಳಿಗ್ಗೆ ಗಾಡಿ ಕಲ್ಲುಬೆಂಚಿನ ಹತ್ತಿರ ನಿಂತಿತು. ಅಣ್ಣ ಇಳಿದು, ನ್ಯೂಟ್ರಲ್ ಮಾಡಿ, ಹಿಂದಿನಿಂದ ತಳ್ಳತೊಡಗಿದ. ಏರಿನಲ್ಲಿ, ಒಬ್ಬನೇ, ಎರಡು ಆಳಿನ ಭಾರವನ್ನು. ವರಾಂಡದಲ್ಲಿ ಸುತ್ತು ಎಣಿಸುತ್ತಿದ್ದವರು ನೋಡಿದಾಗ ಅವನು ಎರಡೂ ಕೈ ಸೀಟಿನ ಮೇಲಿಟ್ಟು ಮಂಡಿಯೂರಿ ಕೂತಿದ್ದ. ನೂರು ಹೆಜ್ಜೆಯಾಚೆ ಅಷ್ಟೊಂದು ಡಾಕ್ಟರುಗಳಿದ್ದರು, ಒಬ್ಬರಿಂದಲೂ ಏನೂ ಆಗಲಿಲ್ಲ. "ಎದೆ ಮೊದಲೇ ಹಾಳಾಗಿತ್ತು, ಇವತ್ತಲ್ಲ ನಾಳೆ" ಅಂದರು. ಚೋಕಣ್ಣ ಭಾನುವಾರದವರೆಗೆ ಕಾಯದೆ ಶನಿವಾರವೇ ಬಂದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಯಿತು ಅವನು ಬಂದದ್ದು.

ಆಮೇಲೆ ಒಂದು ವರ್ಷ ಅವನು ಊಟಕ್ಕೆ ಹೋದರೂ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮಧ್ಯೆ ಆಸ್ಪತ್ರೆಯ ವಾಚ್‌ಮನ್ "ನಾನೇನು ಓಡಿಸಲಾರೆನಾ" ಅಂತ ಜಂಬದಿಂದ ಎರಡು ಸಲ ಗಾಡಿ ತೆಗೆದ. ಎರಡು ಸಲವೂ ಅದು ಸರಿಯಾಗಿ ಕಲ್ಲುಬೆಂಚಿನ ಹತ್ತಿರ ನಿಂತಿತು. ಎರಡನೇ ಸಲ ಆ ಮಹಾಶೂರ ಒಂದು ಚಪ್ಪಲಿ ಅಲ್ಲೇ ಬಿಟ್ಟು ಗೇಟಿನವರೆಗೂ ಓಡಿದ. "ಅಲ್ಲಿ ಅವರು ಕೂತಿದಾರೆ ಸ್ವಾಮಿ, ನನ್ನ ಕೈಲಾಗಲ್ಲ" ಅಂತ ಸೂಪರ್‌ವೈಸರ್ ಮುಂದೆ ಕೈ ಮುಗಿದುಬಿಟ್ಟ. ಮಾತಿಗೆ ರೆಕ್ಕೆ ಬಂದವು. ಗಾಡಿ ಶೆಡ್ಡಿನಲ್ಲೇ ಇದ್ದರೂ ಅದರ ಸದ್ದು ಕೇಳುತ್ತೆ ಅಂತ ರೋಗಿಗಳು ಹೇಳತೊಡಗಿದರು. ಬೆಂಚಿನ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆಯಿತು, ಕೈಯಲ್ಲಿ ಕತ್ತರಿಸುವವರೂ ಅಷ್ಟು ಜಾಗ ಬಿಟ್ಟೇ ಕತ್ತರಿಸುತ್ತಿದ್ದರು.

ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆಯೇ ಅಂಗಡಿಗೆ ಬಂದಳು. ಇಷ್ಟು ವರ್ಷದಲ್ಲಿ ಅವಳು ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

"ನನ್ನ ಸವತೀನ ಗುಜರಿಗೆ ಹಾಕ್ತಾರಂತೆ ಕಣೋ. ಒಂದು ತಿಂಗಳು ಟೈಮ್ ಕೊಟ್ಟಿದಾರೆ ಸೂಪರ್‌ವೈಸರ್. ಅಷ್ಟರಲ್ಲಿ ನೆಟ್ಟಗೆ ಓಡಿದರೆ ಸರಿ, ಇಲ್ಲಾಂದ್ರೆ ಚೂರು ಚೂರು ಮಾಡಿ ತೂಕಕ್ಕೆ ಹಾಕ್ತಾರಂತೆ." ಅಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅವರು ಕೂತ ಜಾಗ ಅದೊಂದೇ ಉಳಿದಿರೋದು. ನೀನೇ ಏನಾದರೂ ಮಾಡಬೇಕು."

ಹೋಗದೆ ಇರಲಿಕ್ಕೆ ಆಗುತ್ತದೆಯೇ? ಹೋದ.

ಶೆಡ್ಡಿನ ಬಾಗಿಲು ತೆಗೆದಾಗ ಒಳಗೆ ಗಾಡಿ ಮುಖ ಈ ಕಡೆ ಮಾಡಿ ನಿಂತಿತ್ತು. ಸೀಟಿನ ರೆಕ್ಸಿನ್ ಮೇಲೆ ಅಣ್ಣ ಕೂತು ಕೂತು ಬಿದ್ದ ತಗ್ಗು ಹಾಗೇ ಇತ್ತು. ಚೋಕಣ್ಣ ಅದರ ಮೇಲೆ ಕೂರಲಿಲ್ಲ, ನಿಂತುಕೊಂಡೇ ಕೆಲಸ ಶುರು ಮಾಡಿದ. ವರ್ಷದ ಹಳೇ ಪೆಟ್ರೋಲು ಕೊಳೆತು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು, ಅದನ್ನೆಲ್ಲ ಸುರಿದ. ಟ್ಯಾಂಕಿನ ತಳದ ಕೆಸರು ತೊಳೆದ, ಫಿಲ್ಟರ್ ಬದಲಾಯಿಸಿದ, ಬಿರುಕು ಬಿಟ್ಟ ಪೈಪು ಕಿತ್ತು ಹೊಸದು ಹಾಕಿದ. ಕಾರ್ಬರೇಟರ್ ಬಿಚ್ಚಿದರೆ ಬಟ್ಟಲಿನಲ್ಲಿ ಹಸಿರು ಪಾಚಿಯಂಥ ಕಿಟ್ಟ. ಪೆಟ್ರೋಲ್ ಹಾಯುವ ಜೆಟ್ಟಿನ ಸೂಜಿ ಮೊನೆಯಷ್ಟು ತೂತಿಗೆ ತಂತಿಯ ಒಂದೇ ಎಳೆ ಹಾಕಿ ತಿಕ್ಕಿದ. ಪೆಟ್ರೋಲ್ ಎಳೆಯುವ ಸಣ್ಣ ಪಂಪಿನ ರಬ್ಬರ್ ಪೊರೆ ಬದಲಾಯಿಸಿದ. ಆಮೇಲೆ ಪರೀಕ್ಷೆಗೆ ಅಂತ, ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವ ಹಾಗೆ, ಟ್ಯಾಂಕನ್ನು ಪಕ್ಕಕ್ಕಿಟ್ಟು ಬಾಟಲಿ ಪೆಟ್ರೋಲು ಕೊಟ್ಟ. ಆಸ್ಪತ್ರೆಯಲ್ಲವೇ, ಸಿಕ್ಕಿದ್ದು ಸಲೈನ್ ಬಾಟಲಿ. ಗಾಡಿಗೆ ಡ್ರಿಪ್ಪು ಹಾಕಿದ್ದನ್ನು ನೋಡಿ ನರ್ಸುಗಳು ನಕ್ಕರು. ಇಂಜಿನ್ ಒಂದು ಗಂಟೆ ಎಲ್ಲೂ ತಡವರಿಸದೆ ಹಾಡಿತು. "ಬೆಣ್ಣೆ ಥರ ಇದೆ" ಅಂದುಕೊಂಡು ಟ್ಯಾಂಕು ಜೋಡಿಸಿದ, ಅಣ್ಣನ ಹಾಗೆ ಕಂಠಪೂರ್ತಿ ತುಂಬಿಸಿದ, ಮಂಗಳವಾರ ಬೆಳಿಗ್ಗೆ ಆ ತಗ್ಗಿನಲ್ಲಿ ಕೂತು ಹೊರಟ.

ಮೂರು ಸುತ್ತು ಹೂವಿನ ಹಾಗೆ ಹೋಯಿತು. ನಾಲ್ಕನೇ ಸುತ್ತಿನಲ್ಲಿ ಏರು ಹತ್ತಿ ಕಲ್ಲುಬೆಂಚಿನ ಹತ್ತಿರ ಬಂದಾಗ ಇಂಜಿನ್ ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ನಿಂತೇ ಹೋಯಿತು.

ಬೆಂಚಿನ ಮೇಲೆ ಅತ್ತಿಗೆ ಫ್ಲಾಸ್ಕ್ ಹಿಡಿದು ಕೂತಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ.

"ನೋಡಿದ್ಯಾ? ನಿಮ್ಮಣ್ಣ ಟೀ ಕೇಳ್ತಿದಾರೆ."

ಚೋಕಣ್ಣನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕೈ ಮಾತ್ರ ರೂಢಿಯ ಕೈ, ಅದರ ಪಾಡಿಗೆ ಅದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿತು. ಗಾಡಿ ನಿಂತರೆ ಮೊದಲು ಪೆಟ್ರೋಲ್ ಇದೆಯಾ ನೋಡು ಅನ್ನುವುದು ಕಸುಬಿನ ಓನಾಮ. ಮುಚ್ಚಳ ಸಡಿಲವಾಗುತ್ತಿದ್ದಂತೆ "ಉಸ್ಸ್..." ಅಂತ ಉದ್ದಕ್ಕೆ ಒಂದು ಉಸಿರು ಕೇಳಿತು. ದುಡಿದು ಬಂದ ಅಣ್ಣ ಬಾಗಿಲ ಹತ್ತಿರ ಕುಸಿದು ಕೂರುವಾಗ ಬಿಡುತ್ತಿದ್ದನಲ್ಲ, ಅದೇ ಉಸಿರು. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಟ್ಯಾಂಕಿನಲ್ಲಿ ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಗಾಡಿ ಹೊರಟಿತು.

ಮುಂದಿನ ಮಂಗಳವಾರವೂ ಹಾಗೇ. ಅದರ ಮುಂದಿನದೂ ಹಾಗೇ. ನಡುವೆ ಅವನು ಎಲ್ಲವನ್ನೂ ಮತ್ತೆ ಬಿಚ್ಚಿದ, ಮತ್ತೆ ತೊಳೆದ, ಮತ್ತೆ ಸಲೈನ್ ಬಾಟಲಿ ಕಟ್ಟಿದ. ಶೆಡ್ಡಿನಲ್ಲಿ ಗಾಡಿ ಅಪ್ಪಟ ಚಿನ್ನ, ಏರಿನಲ್ಲಿ ಹೋಗಿ ಮುಷ್ಕರ. ಅಂಗಡಿಯ ಕೆಲಸದಲ್ಲಿ ಅವನ ಕೈ ತಪ್ಪತೊಡಗಿತು. ನಟ್ಟು ಬಿಗಿಯುತ್ತಾ ಬಿಗಿಯುತ್ತಾ "ತಪ್ಪಾಯ್ತು ಕಣೋ ಅಣ್ಣ, ಆವತ್ತೇ ಬರಬೇಕಿತ್ತು" ಅಂತ ಗೊಣಗುವುದು ಗಿರಾಕಿಗಳ ಕಿವಿಗೂ ಬಿತ್ತು. ಅಣ್ಣ ತನ್ನನ್ನು ಕ್ಷಮಿಸಿಲ್ಲ, ವಾರವಾರವೂ ಅದೇ ಜಾಗಕ್ಕೆ ಕರೆದು ನಿಲ್ಲಿಸುತ್ತಿದ್ದಾನೆ ಅಂತ ಅವನಿಗೆ ಖಾತ್ರಿಯಾಗಿತ್ತು.

ಅತ್ತಿಗೆಯ ಕಥೆಯೇ ಬೇರೆ. ವರ್ಷದಿಂದ ಅರೆಹೊಟ್ಟೆ ಉಂಡುಕೊಂಡಿದ್ದವಳು ಈಗ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಮಂಗಳವಾರ ಬಂತೆಂದರೆ ತಲೆ ಬಾಚಿ, ಒಗೆದ ಸೀರೆ ಉಟ್ಟು, ಫ್ಲಾಸ್ಕಿನ ಜೊತೆ ಮೂರು ಲೋಟ ತರುತ್ತಿದ್ದಳು. ಮೂರನೆಯದನ್ನು ತುಂಬಿಸಿ ಬೆಂಚಿನ ತುದಿಯಲ್ಲಿಡುತ್ತಿದ್ದಳು. ಒಂದೇ ಉಸಿರು, ಅವಳಿಗೆ ಅದು ಮನೆಗೆ ಬಂದ ಗಂಡ, ಇವನಿಗೆ ಅದು ಕಟಕಟೆ.

ಕೊನೆಯ ಮಂಗಳವಾರ ಸೂಪರ್‌ವೈಸರ್ ವರಾಂಡದಲ್ಲಿ ಕೈ ಕಟ್ಟಿ ನಿಂತಿದ್ದರು. "ಇವತ್ತು ನಿಂತರೆ ಮುಗೀತು ಚೋಕಣ್ಣ. ನಾಳೆ ಗುಜರಿಯವರಿಗೆ ಬರೋಕೆ ಹೇಳಿದೀನಿ" ಅಂದರು.

ಗಾಡಿ ಕಲ್ಲುಬೆಂಚಿನ ಹತ್ತಿರ ನಿಂತಿತು. ಚೋಕಣ್ಣನ ಕೈ ಮುಚ್ಚಳದ ಕಡೆ ಹೋಯಿತು. ಅತ್ತಿಗೆ ಆ ಕೈ ಹಿಡಿದುಕೊಂಡಳು.

"ತೆಗೀಬೇಡ. ಕೊನೇ ಸಲ ಅಂತೆ. ಅವರ ಪಾಡಿಗೆ ಅವರು ಒಂದು ಗಳಿಗೆ ಕೂತಿರಲಿ. ನೀನು ಟೀ ಕುಡಿ."

ಕುಡಿದ. ಲೋಟ ಕೆಳಗಿಟ್ಟು ಕೀ ತಿರುಗಿಸಿದ. ಇಂಜಿನ್ ಗರ್ ಗರ್ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಎಂಟು ಸಲ ತಿರುಗಿಸಿದ. ಇಷ್ಟು ವಾರಗಳಲ್ಲಿ ಹೀಗಾದದ್ದೇ ಇಲ್ಲ, ಮೊದಲ ಕೀಗೇ ಏಳುತ್ತಿದ್ದ ಗಾಡಿ! ಏನು ಬದಲಾಯಿತು ಇವತ್ತು? ಕೀ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತ. ಇವತ್ತು ಬದಲಾಗಿದ್ದು ಒಂದೇ. ಮುಚ್ಚಳ ತೆಗೆದಿರಲಿಲ್ಲ.

ತೆಗೆದ. "ಉಸ್ಸ್..." ಅಂದಿತು. ಹಾಕಿ ಕೀ ತಿರುಗಿಸಿದ. ಎದ್ದಿತು.

ಎಳೆ ಮಗುವಿಗೂ ಗೊತ್ತಿರುವ ವಿಷಯ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಗಾಳಿ ಒಳಗೆ ಹೋಗಲು ಎರಡನೇ ತೂತು ಬೇಕು. ಟ್ಯಾಂಕೂ ಹಾಗೇ, ಪೆಟ್ರೋಲ್ ಕಡಿಮೆಯಾದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕೇ ಮುಚ್ಚಳದ ನಡುವೆ ಸಣ್ಣ ತೂತು ಇರುತ್ತದೆ. ಅದು ಮುಚ್ಚಿಕೊಂಡರೆ ಇಪ್ಪತ್ತು ನಿಮಿಷ ಓಡಿ ಇಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಶೆಡ್ಡಿನಿಂದ ಹೊರಟು ನಾಲ್ಕನೇ ಸುತ್ತಿನ ಬೆಂಚು ಮುಟ್ಟಲು ಬೇಕಾಗುತ್ತಿದ್ದದ್ದು ಸರಿಯಾಗಿ ಇಪ್ಪತ್ತು ನಿಮಿಷ. ಶೆಡ್ಡಿನಲ್ಲಿ ಬಾಟಲಿ ಕಟ್ಟಿದ್ದರಿಂದ ರೋಗ ಕಾಣಲಿಲ್ಲ. ಮೈದಾನದಲ್ಲಿ ಇವನೇ ಮುಚ್ಚಳ ತೆಗೆದು ತೆಗೆದು ಗುಣ ಮಾಡುತ್ತಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ! ಆ ಸದ್ದು ಕೇಳಿದ ಮೊದಲ ದಿನವೇ ಅವನಿಗೆ ತಿಳಿಯಬೇಕಿತ್ತು. ಬೇರೆ ಯಾರ ಗಾಡಿ ಆಗಿದ್ದರೂ ತಿಳಿಯುತ್ತಿತ್ತು.

ಇಂಜಿನ್ ಆರಿಸಿ ಮುಚ್ಚಳವನ್ನು ಬೆಳಕಿಗೆ ಹಿಡಿದ. ತೂತಿನಲ್ಲಿ ಬೆಳ್ಳಗೆ ಕಲ್ಲಿನಂತೆ ಗಟ್ಟಿಯಾದದ್ದೇನೋ ಕೂತಿತ್ತು. ಉಗುರಿನಲ್ಲಿ ಕೆರೆದು ಮೂಗಿಗೆ ಹಿಡಿದ. ಬಟ್ಟೆ ಸೋಪು.

ಅಲ್ಲಿಗೆ ಅವನಿಗೆ ನೆನಪಾಯಿತು. ಅಣ್ಣ ಸಾಯುವ ಎರಡು ವಾರ ಮುಂಚೆ ಅಂಗಡಿಗೆ ಬಂದಿದ್ದ, ಕೈಯಲ್ಲಿ ಇದೇ ಮುಚ್ಚಳ. "ಏರು ಹತ್ತುವಾಗ ಈ ತೂತಿಂದ ಪೆಟ್ರೋಲ್ ಚಿಮ್ಮಿ ಶರ್ಟಿನ ಬೆನ್ನೆಲ್ಲ ಒದ್ದೆ ಕಣೋ. ಪೆಟ್ರೋಲ್ ಬಂಕಿನ ಜೊತೆ ಸಂಸಾರ ಮಾಡಕ್ಕಾಗಲ್ಲ ಅಂತ ದಿನಾ ಜಗಳ ನಿಮ್ಮತ್ತಿಗೇದು. ಏನಾದ್ರೂ ಮಾಡು" ಅಂದಿದ್ದ. ಚೋಕಣ್ಣ ಕೈ ತೊಳೆಯುವ ಬಟ್ಟೆ ಸೋಪಿನ ಚೂರು ಮುರಿದು ತೂತಿಗೆ ಹೆಬ್ಬೆರಳಿನಲ್ಲಿ ಒತ್ತಿದ್ದ. ಸೋಪು ಪೆಟ್ರೋಲಿಗೆ ಕರಗುವುದಿಲ್ಲ, ಸೋರುವ ಟ್ಯಾಂಕಿಗೆ ಮೆಕ್ಯಾನಿಕ್ಕುಗಳು ಮಾಡುವ ಹಳೇ ಉಪಾಯ. "ಸದ್ಯಕ್ಕಿರಲಿ, ಎರಡು ದಿನದಲ್ಲಿ ಬೇರೆ ಮುಚ್ಚಳ ತರಿಸ್ತೀನಿ" ಅಂದಿದ್ದ. ತರಿಸಲಿಲ್ಲ. ಮರೆತೇ ಹೋಯಿತು.

ಅಣ್ಣನಿಗೆ ಮುಚ್ಚಳ ತೆಗೆದು ನೋಡುವ ಅಭ್ಯಾಸ ಇರಲಿಲ್ಲ. ಬೆಳಿಗ್ಗೆ ತಾನೇ ತುಂಬಿಸಿದ್ದು, ಯಾಕೆ ನೋಡಬೇಕು? ಇಳಿದು ತಳ್ಳಿದ.

ಚೋಕಣ್ಣ ಬೆಂಚಿನ ಮೇಲೆ ಕೂತುಬಿಟ್ಟ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಪು ಕೆರೆದು ಬಿಸಾಕಿದರೆ ಗಾಡಿ ಉಳಿಯುತ್ತದೆ, ಮನೆ ಉಳಿಯುತ್ತದೆ, ಬಾಗಿಲ ಪಕ್ಕದ ಸ್ಟೂಲೂ ಉಳಿಯುತ್ತದೆ. ಹೇಳಿದರೆ ಇವಳ ಮುಂದೆ ತಾನು ಅಣ್ಣನನ್ನು ಕೊಂದವನು. ಅದಕ್ಕಿಂತ ದೊಡ್ಡ ಕಷ್ಟ, ಯಾಕೆ ಮುಚ್ಚಿದೆ ಅಂತ ಕೇಳಿದರೆ ಏನು ಹೇಳುವುದು? ನಿಮ್ಮ ಜಗಳಕ್ಕೆ ಅಂತಲೇ? ಆದರೆ ಮೂರನೇ ಲೋಟದಲ್ಲಿ ಟೀ ಕೆನೆ ಕಟ್ಟುತ್ತಿತ್ತು, ಅವಳು ಅದನ್ನೇ ನೋಡುತ್ತಾ ಕೂತಿದ್ದಳು. ಅಣ್ಣ ಬಂದಿದ್ದಾನೆ ಅಂತ ನಂಬಿಕೊಂಡು ಕೂತವಳ ಪಕ್ಕ ಸುಮ್ಮನೆ ಕೂರುವುದು ಅವನಿಂದ ಆಗಲಿಲ್ಲ.

"ಅತ್ತಿಗೆ. ಅಣ್ಣ ಅಲ್ಲ ಅದು. ನಾನು."

"ಏನು ನೀನು?"

ಮುಚ್ಚಳ ತೋರಿಸಿದ. ತೂತು, ಗಾಳಿ, ಸೋಪು, ಎಲ್ಲ ಹೇಳಿದ. ಅವಳು ಮುಚ್ಚಳ ಈಸಿಕೊಂಡು ಆಕಡೆ ಈಕಡೆ ತಿರುಗಿಸಿದಳು.

"ಇಷ್ಟಕ್ಕೇನಾ ನಿಲ್ತಿದ್ದಿದ್ದು?"

"ಇಷ್ಟಕ್ಕೇ."

"ಆವತ್ತೂ?"

"ಆವತ್ತೂ."

ಮುಚ್ಚಳದ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದಳು. "ಯಾಕೆ ಮುಚ್ಚಿದೆ ತೂತನ್ನ?"

"ಪೆಟ್ರೋಲ್ ಚೆಲ್ಲಿ... ದಂಡ ಆಗುತ್ತಲ್ಲ ಅಂತ."

"ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿನಗೆ. ಶರ್ಟಿನ ವಾಸನೆಗೆ ತಾನೇ?"

ಅವಳೇ ಮಾತು ಮುಂದುವರಿಸಿದಳು, ಯಾರಿಗೋ ಬೇರೆಯವರಿಗೆ ಹೇಳುವ ಹಾಗೆ.

"ಆವತ್ತಿನ ಶರ್ಟು ಒಗೆದಿಲ್ಲ ಕಣೋ ನಾನು. ಊರಿನೋರ ಬೆಡ್‌ಶೀಟೆಲ್ಲ ಒಗೆದೆ, ಅದೊಂದು ಒಗೆದಿಲ್ಲ. ಪೆಟ್ಟಿಗೇಲಿ ಇಟ್ಟಿದೀನಿ. ಆಗಾಗ ತೆಗೆದು ಮೂಸಿ ನೋಡ್ತೀನಿ. ಪೆಟ್ರೋಲ್ ವಾಸನೆ ಇರಬೇಕಲ್ಲ, ಇಲ್ವೇ ಇಲ್ಲ. ಇಷ್ಟು ಬೇಗ ಹೇಗೆ ಹೋಯ್ತು ಅಂತ ತಲೆ ಕೆಡಿಸ್ಕೊಂಡಿದ್ದೆ." ಮುಚ್ಚಳವನ್ನು ಅವನ ಅಂಗೈಯಲ್ಲಿಟ್ಟಳು. "ನೀನು ಕೆಲಸ ಚೆನ್ನಾಗೇ ಮಾಡಿದ್ದೆ."

ಫ್ಲಾಸ್ಕು, ಲೋಟಗಳನ್ನು ಎತ್ತಿಕೊಂಡು ಇಳಿದು ಹೋದಳು. ಅವನು ತಂತಿ ತೆಗೆದು ತೂತಿನ ಸೋಪನ್ನೆಲ್ಲ ಕೆರೆದ, ಬಾಯಿಟ್ಟು ಊದಿದ, ಮುಚ್ಚಳ ಹಾಕಿ ಗಾಡಿ ಹತ್ತಿದ. ಹನ್ನೊಂದು ಸುತ್ತು ಹಾಕಿದ, ಒಂದು ಸಲವೂ ನಿಲ್ಲಲಿಲ್ಲ. ಬೆಂಚಿನ ಸುತ್ತ ವರ್ಷದಿಂದ ಬೆಳೆದ ಹುಲ್ಲನ್ನೂ ಕತ್ತರಿಸಿದ. ವರಾಂಡದಲ್ಲಿ ರೋಗಿಗಳು ಚಪ್ಪಾಳೆ ತಟ್ಟಿದರು. "ಭೇಷ್! ಗುಜರಿಯವರಿಗೆ ಬರೋದು ಬೇಡ ಅಂತೀನಿ" ಅಂದರು ಸೂಪರ್‌ವೈಸರ್. ವಾಚ್‌ಮನ್ ಸತ್ತರೂ ಒಪ್ಪದ್ದರಿಂದ ಇನ್ನು ಮೇಲೆ ಮಂಗಳವಾರದ ಹುಲ್ಲು ನಿನ್ನದೇ ಅಂತಲೂ ಹೇಳಿದರು. ಚೋಕಣ್ಣ ತಲೆಯಾಡಿಸಿದ. ಆವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ಮಾರನೇ ದಿನವೂ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಅಂಗಡಿಯಲ್ಲೇ ಬನ್ನು, ಬಾಳೆಹಣ್ಣು ತಿಂದುಕೊಂಡು ದಿನ ದೂಡಿದ. ಒಬ್ಬ ಗಿರಾಕಿ ಜನರೇಟರ್ ಕೆಟ್ಟಿದೆ ಅಂತ ಫೋನ್ ಮಾಡಿದಾಗ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ, "ಇರಿ, ಈಗಲೇ ಬರ್ತೀನಿ" ಅಂದ. ಅಲ್ಲಿಂದ ಮುಂದೆ ಯಾರಿಗೂ ಚೋಕ್ ಎಳೆಯಿರಿ ಅನ್ನಲಿಲ್ಲ. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಎರಡು ಮಂಗಳವಾರ ಬೆಂಚು ಖಾಲಿ ಇತ್ತು. ಗಾಡಿ ಏರು ಹತ್ತಿ ಅದರ ಮುಂದೆ ಹಾಯುವಾಗೆಲ್ಲ ಅವನ ಎದೆ ತಾನೇ ಬಿಕ್ಕುತ್ತಿತ್ತು. ಇಂಜಿನ್ ನಿಂತಾದರೂ ನಿಲ್ಲಬಾರದೇ ಅನ್ನಿಸುತ್ತಿತ್ತು. ಅದು ನಿಲ್ಲುತ್ತಿರಲಿಲ್ಲ. ಈಗ ಅಲ್ಲಿ ಅಣ್ಣನೂ ಇರಲಿಲ್ಲ, ಕೋಪಕ್ಕಾದರೂ.

ಮೂರನೇ ಮಂಗಳವಾರ ನಾಲ್ಕನೇ ಸುತ್ತಿನಲ್ಲಿ ಏರು ಹತ್ತಿ ನೋಡಿದರೆ ಅತ್ತಿಗೆ ಕೂತಿದ್ದಳು. ಪಕ್ಕದಲ್ಲಿ ಫ್ಲಾಸ್ಕು, ಎರಡು ಲೋಟ. ನಿಲ್ಲಿಸಬೇಕೋ ಹೋಗಬೇಕೋ ಅವನಿಗೆ ಗೊತ್ತಾಗಲಿಲ್ಲ. ಅವಳು ಕರೆಯಲಿಲ್ಲ, ಕೈ ಬೀಸಲಿಲ್ಲ, ಸುಮ್ಮನೆ ಲೋಟಕ್ಕೆ ಟೀ ಬಗ್ಗಿಸಿದಳು. ಅವನು ಕೀ ತಿರುಗಿಸಿ ಇಂಜಿನ್ ಆರಿಸಿದ. ಇಳಿದು ಬಂದು ಬೆಂಚಿನ ಆ ತುದಿಯಲ್ಲಿ ಮೈ ಹಿಡಿ ಮಾಡಿಕೊಂಡು ಕೂತ.

ಅತ್ತಿಗೆ ಮೂಗು ಅರಳಿಸಿದಳು. ಅವನ ಬೆನ್ನ ಕಡೆ ಬಗ್ಗಿ ನೋಡಿದಳು. ಅಂಗಿಯ ಹಿಂಭಾಗ ಅಂಗೈ ಅಗಲಕ್ಕೆ ಒದ್ದೆಯಾಗಿತ್ತು.

"ಥೂ, ಏನೋ ಇದು, ಪೆಟ್ರೋಲ್ ಬಂಕು ಹೊತ್ಕೊಂಡು ಬಂದ ಹಾಗೆ!"

ಚೋಕಣ್ಣ ಗಾಬರಿಯಿಂದ ಎದ್ದ. "ಆ ಕಡೆ ಹೋಗಿ ಕೂತ್ಕೋತೀನಿ ಅತ್ತಿಗೆ."

ಅವಳು ಅವನ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದಳು. ಹಿಡಿದ ಚುಂಗನ್ನು ಬಿಡಲಿಲ್ಲ. ಅವಳ ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು.

"ಇಲ್ಲೇ ಕೂತ್ಕೋ" ಅಂದಳು. "ಟೀ ಆರ್ತಾ ಇದೆ. ಮಧ್ಯಾಹ್ನ ಊಟಕ್ಕೆ ಬಾ, ಈ ಅಂಗೀಲೇ ಬಾ."